ಪೊರೆ

ಹೆಸರಿಗೆ ರಾಜ.
ಓಝಾರ್ಕ್ ಬೆಟ್ಟದ ಬುಡದ ಈ ನಿಸರ್ಗ ಕೇಂದ್ರದಲ್ಲಿ
ಮೂರನೇ ಕ್ಲಾಸಿನ ಮಕ್ಕಳು ಚೀಟಿ ಎತ್ತಿ ಇಟ್ಟದ್ದು
ಬಿಸ್ಕಿಟ್.

ಹುಲ್ಲು ಕೊಯ್ಯುವ ಯಂತ್ರಕ್ಕೆ ಬಾಲದ ತುದಿ ಕೊಟ್ಟು
ಶೂ ಡಬ್ಬಿಯಲ್ಲಿ ಬಂದವನು, ಹತ್ತೊಂಬತ್ತು ವರ್ಷವಾಯಿತು.
ಕಪ್ಪು ಮೈ, ಹುರುಪೆ ಹುರುಪೆಗೂ ಒಂದು ಹಳದಿ ಚುಕ್ಕಿ,
ಕಾದ ಬಾಣಲೆಗೆ ಯಾರೋ ಸಾಸಿವೆ ಚೆಲ್ಲಿದಂತೆ.

ಕಿಟಕಿಯಾಚೆ, ಹಿಕರಿ ಮರಗಳ ತರಗೆಲೆಯಡಿ
ತಾಮ್ರದ ತಲೆಯ ವಿಷದ ಹಾವುಗಳಿವೆ.
ಅವನ್ನು ಇಡಿಯಾಗಿ ನುಂಗಬಲ್ಲವನು
ಹತ್ತು ದಿನಕ್ಕೊಮ್ಮೆ ಬಿಸಿನೀರಲ್ಲಿ ಅದ್ದಿಕೊಟ್ಟ
ಫ್ರೀಜರಿನ ಇಲಿಗೆ ಕಾಯುತ್ತಾನೆ.
ವಿಷವನ್ನೂ ದಕ್ಕಿಸಿಕೊಳ್ಳುವ ಹೊಟ್ಟೆ;
ದಕ್ಕಿದ್ದು ಇಷ್ಟು.

ಇಲಿ ಅದ್ದುವವಳು ಆರ್ಡಿತ್ ಕೆಸ್ಲರ್.
ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ
ನಿವೃತ್ತಿಯ ಮರುದಿನವೇ ಇಲ್ಲಿ ಬಂದು
"ಗಲಾಟೆ ಮಾಡದವರು ಯಾರಾದರೂ ಇದ್ದಾರಾ?" ಅಂದವಳು.

ನಾನು ಮಂಗಳವಾರದವನು. ಗಾಜು ಒರೆಸುತ್ತೇನೆ,
ನೀರು ಬದಲಿಸಿ, ದಿನಚರಿಯಲ್ಲಿ ಅವಳ ಬರಹ ಓದುತ್ತೇನೆ.
ಮಾರ್ಚಿನಲ್ಲಿ ಗೆರೆಯೊಳಗೆ ಕೂತಿದ್ದ ಅಕ್ಷರ
ಜೂನಿನಲ್ಲಿ ಎರಡು ಗೆರೆ ನುಂಗಿದವು.
ಆಗಸ್ಟಿನಲ್ಲಿ ಪುಟಕ್ಕೆ ಮೂರೇ ಮಾತು:
ಕಣ್ಣು ಮಂಜಾಗಿದೆ. ಮುಟ್ಟಬೇಡಿ.

ಹಾವಿನ ವಿಷಯ ಅಂದುಕೊಂಡೆ.

ಹಾವಿನದೂ ಹೌದು. ಕಣ್ಣು ನೀಲಿ ಹಾಲಾಗಿ
ಸಾಸಿವೆಗೆ ಬೂದಿ ಬಡಿದು
ಐದು ದಿನ ಮರದ ತೊಗಟೆಯಡಿ ಮುನಿದು ಕೂತ.
ಆಮೇಲೆ ಕಾಲುಚೀಲ ತಿರುವಿ ಎಸೆದ ಹಾಗೆ
ಪೂರಾ ಒಂದೇ ತುಂಡು.

ಆರ್ಡಿತ್ ಅದನ್ನು ಬೆಳಕಿಗೆ ಹಿಡಿದಳು.
ಹಿಡಿದೇ ಇದ್ದಳು.
"ಕಣ್ಣಿನ ಜಾಗ ನೋಡು. ಎರಡೂ ಬಿಲ್ಲೆ ಬಂದಿವೆಯಾ?
ಒಂದು ಉಳಿದರೂ ಅವನಿಗೆ ಕಷ್ಟ."
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಇನ್ನೊಬ್ಬರನ್ನು ಕೇಳಿದ್ದು.

ಬಂದಿದ್ದವು. ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು.
ನಾನು ಅವಳ ಕಣ್ಣು ನೋಡಿದೆ.
ನಾನು ನೋಡಿದ್ದು ಅವಳಿಗೆ ಕಾಣಲಿಲ್ಲ.

ಅವನ ಪೊರೆಗೆ ಒರಟು ಕಲ್ಲೊಂದು ಸಾಕು.
ಅವಳದಕ್ಕೆ ಸ್ಪ್ರಿಂಗ್‌ಫೀಲ್ಡಿನ ಆಸ್ಪತ್ರೆ, ವಿಮೆಯ ಕಾಗದ,
ಕರೆದೊಯ್ದು ಕರೆತರಲು ಒಬ್ಬ ಡ್ರೈವರ್.
ಅದೇ ಅವಳ ಸಿಟ್ಟು, ಕತ್ತರಿಯಲ್ಲ:
ಪಕ್ಕದ ಸೀಟಿನಲ್ಲಿ ಕೂರುವುದು.

ಅಕ್ಟೋಬರಿನಲ್ಲಿ ಕಪ್ಪು ಪ್ಲಾಸ್ಟಿಕ್ ಕನ್ನಡಕದಲ್ಲಿ ಬಂದಳು.
ತೆಗೆದಿಟ್ಟಳು. ಬಿಸ್ಕಿಟನನ್ನು ಮೊಣಕೈಗೆ ಸುತ್ತಿಕೊಂಡು
ತುಂಬ ಹೊತ್ತು ಏನೂ ಅನ್ನಲಿಲ್ಲ.

"ಇಷ್ಟೊಂದು ಹಳದಿ ಇತ್ತಾ ಇವನಿಗೆ?"

ಅವನು ನಾಲಿಗೆ ಚಾಚಿ ಆಸ್ಪತ್ರೆಯ ಸಾಬೂನು ಮೂಸಿ,
ಯಾರೋ ಹೊಸಬರೆಂದು
ಅವಳ ತೋಳಿಗೆ ಗಬ್ಬು ಬಿಟ್ಟ.

ಆ ದಿನದ ಪುಟದಲ್ಲಿ, ಗೆರೆಯೊಳಗೆ, ಸಣ್ಣಗೆ:
ಇಲಿ ತಿಂದ. ಬಾಲ ಎಂದಿನಂತೆ ಮೊಂಡು.