ಜಾಗ ಬದಲಿಸುವ ಉಗ್ಗು

ಲಿಯೆಪಾಯಾ ಬಂದರಿನಲ್ಲಿ ನನ್ನ ಕೆಲಸಕ್ಕೆ ಮಾತು ಬೇಡ.
ಕ್ರೇನಿನ ಗೂಡಲ್ಲಿ ಕೂತವನಿಗೆ ಕೆಳಗಿನವನ ಕೈಸನ್ನೆ ಸಾಕು:
ಎತ್ತು, ಇಳಿಸು, ತಡಿ.
ಇಪ್ಪತ್ತಾರು ವರ್ಷ ಹಾಗೇ ಕಳೆದೆ,
ಗಾಳಿಯ ಜೊತೆ, ದಿಮ್ಮಿಗಳ ಜೊತೆ.

ಈಗ ಮಗಳ ಮದುವೆ. ಅಪ್ಪನಾದವನು
ಲೋಟ ಹಿಡಿದು ಎದ್ದು ನಾಲ್ಕು ಮಾತಾಡಬೇಕು.
ಅವಳ ಹೆಸರು ಮಾದಾರಾ. ಹೆಂಡತಿ ಇಟ್ಟದ್ದು.
ನನ್ನನ್ನು ಕೇಳಿದ್ದರೆ ಸ್ವರದಿಂದ ಶುರುವಾಗುವ ಹೆಸರಿಡುತ್ತಿದ್ದೆ.
ಅ, ಇ, ಉ ನನಗೆ ಚಿಲಕವಿಲ್ಲದ ಬಾಗಿಲು,
ಮ-ಕಾರಕ್ಕೆ ಒಳಗಿನಿಂದ ಅಗುಳಿ.
ಅಳಿಯ ಉಲ್ದಿಸ್. ಅವನ ಹೆಸರು ಸಲೀಸು,
ಅದಕ್ಕೇ ಒಪ್ಪಿದ್ದು ನೀನು ಎಂದು ಮಗಳು ನಗುತ್ತಾಳೆ.

ರಾತ್ರಿ, ಅಡುಗೆಮನೆಯ ಮೂಲೆಯ ಹಳೆಯ ಕಂಪ್ಯೂಟರಿಗೆ
ಮೈಕು ಸಿಕ್ಕಿಸಿ ಭಾಷಣ ಒಪ್ಪಿಸುತ್ತೇನೆ,
ಮತ್ತೆ ಹಾಕಿ ಕೇಳುತ್ತೇನೆ.
ಮ-ಮ-ಮ-ಮ-
ಪರದೆಯ ಮೇಲಿನ ಬಾಣ ನೆಟ್ಟ ಗೂಟ.
ಗಡಿಯಾರದ ಅಂಕಿಯೂ ಉಸಿರು ಹಿಡಿದಿದೆ.
ಆಮೇಲೆ, ಏನೂ ಆಗದವರ ಹಾಗೆ, ಮುಂದಕ್ಕೆ.
ಇದು ನಾನೋ, ಅದೋ?
ಎಣಿಸಿದೆ: ಹತ್ತೊಂಬತ್ತು ಕಡೆ.
ಅದನ್ನೇ ಮತ್ತೆ ಹಾಕಿದೆ: ಹದಿನಾಲ್ಕು.
ಮೂರನೆಯ ಸಲ ಇಪ್ಪತ್ತೆರಡಾಗಿ, ಎಣಿಸುವುದನ್ನೇ ಬಿಟ್ಟೆ.

ಫ್ಯಾನು ಬಿಚ್ಚಿ ಬೆಕ್ಕಿನ ಕೂದಲು ತೆಗೆದೆ
(ಬೆಕ್ಕು ಸತ್ತು ಮೂರು ವರ್ಷ).
ಸೌಂಡ್ ಡ್ರೈವರನ್ನು ಕಿತ್ತೆ, ಹೊಸದು ಹಾಕಿದೆ, ಹಳೆಯದನ್ನೇ ಕರೆತಂದೆ.
ವೈಫೈ ಆರಿಸಿ ಒಂದು ಸಂಜೆ ಸಂತೋಷವಾಗಿದ್ದೆ, ಒಂದೇ ಸಂಜೆ.
ಮೆಮೊರಿಯನ್ನು ರಾತ್ರಿಯಿಡೀ ಪರೀಕ್ಷೆಗೆ ಕೂರಿಸಿದೆ;
ಬೆಳಿಗ್ಗೆ ಅದು ನಿರ್ದೋಷಿ, ನಾನು ನಿದ್ದೆಗೆಟ್ಟವನು.

ಸಿಕ್ಕಿಕೊಂಡಾಗ ಮಾತ್ರ ನಾನು ಮೌಸು ಜಾಡಿಸಲಿಲ್ಲ,
ಗುಂಡಿ ಕುಟ್ಟಲಿಲ್ಲ. ಸುಮ್ಮನೆ ಕಾದೆ.
ತಡವರಿಸುವವನ ಬಾಯಿಂದ ಮಾತು ಕಸಿದು
ತಾವೇ ಮುಗಿಸಿಕೊಡುವವರನ್ನು
ಬಾಲ್ಯದಿಂದ ಬಲ್ಲೆ.

ಮೇಲಿನ ಮನೆಯ ಆಸ್ತ್ರಾ, ನಿವೃತ್ತ ಭೌತಶಾಸ್ತ್ರದ ಟೀಚರು,
ಸಕ್ಕರೆ ಕೇಳಲು ಬಂದವಳು ಕುರ್ಚಿ ಎಳೆದು ಕೂತಳು.
ಮೂರು ಸಲ ಕೇಳಿದಳು, ಕಾಗದದಲ್ಲಿ ಗೀಟು ಹಾಕುತ್ತ.
"ಇದ್ದಲ್ಲೇ ಇರುವ ಉಗ್ಗು ನಿಮ್ಮದು.
ಜಾಗ ಬದಲಿಸುವುದು ಇದರದ್ದು."
ಐವತ್ಮೂರು ವರ್ಷ ಯಾರೂ ನನಗೆ
ಇಷ್ಟು ಸರಳವಾಗಿ ಲೆಕ್ಕ ಹೇಳಿರಲಿಲ್ಲ.

ಆಮೇಲೆ ದಾಖಲೆಯ ಪುಟ ತೆರೆದಳು, ಕನ್ನಡಕ ಏರಿಸಿದಳು.
ಪ್ರತಿ ಸಲ ನಿಂತಾಗಲೂ ಅದೇ ಸಾಲು:
ಡಿಸ್ಕು ಉತ್ತರಿಸಲಿಲ್ಲ, ಮತ್ತೆ ಕೇಳಲಾಗಿದೆ.
"ಧ್ವನಿಯದು ತಪ್ಪಿಲ್ಲ. ಅದರ ಕೈಯಲ್ಲಿ ಚಿಟಿಕೆಯಷ್ಟೇ ಇರುತ್ತೆ,
ಮುಂದಿನದು ಬರದಿದ್ದರೆ ಇದ್ದದ್ದನ್ನೇ ತಿರುತಿರುಗಿ ಹೇಳುತ್ತೆ.
ಸುಮ್ಮನಿರಲು ಬರುವುದಿಲ್ಲ, ಪಾಪ."

ಅಷ್ಟರಲ್ಲಿ ಪಕ್ಕದ ಫ್ರಿಜ್ಜು ಗುರ್ರೆಂದಿತು.
ಬಾಣ ನಿಂತಿತು.
ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಡಬ್ಬಿಯ ಬೆನ್ನು ತೆಗೆದರೆ, ಡಿಸ್ಕಿಗೆ ಹೋಗುವ ಕೆಂಪು ಚಪ್ಪಟೆ ಕೇಬಲ್ಲು:
ತುದಿಯ ಪುಟ್ಟ ನಾಲಗೆ ಮುರಿದಿದೆ.
ಫ್ರಿಜ್ಜು ನಡುಗಿದಾಗೆಲ್ಲ ಕೂದಲೆಳೆಯಷ್ಟು ಸರಿದು
ಅದು ಮಾತು ಬಿಡುತ್ತಿತ್ತು.
ಹೆಗಲ ಮೇಲೆ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ.
ಹೊಸದಕ್ಕೆ ಮೂರು ಯೂರೋ. ಆಸ್ತ್ರಾಳಿಗೆ ಎರಡು ಕಿಲೋ ಸಕ್ಕರೆ.

ಈಗ ಏಳು.
ಹಾಕಿದಾಗೆಲ್ಲ ಏಳು, ಅವೇ ಜಾಗ,
ಮೊದಲನೆಯದು ಮೊದಲ ಮಾತಿನಲ್ಲೇ.

"ಉಲ್ದಿಸನಿಂದ ಶುರುಮಾಡಿ, ಆರಾಗುತ್ತೆ," ಎಂದಳು ಆಸ್ತ್ರಾ.
ಇಲ್ಲ, ಎಂದೆ. ಮ-ಮಗಳಿಂದಲೇ.
ಎಷ್ಟು ಹೊತ್ತಾದರೂ.

ಅವಳು ಕಾದಳು, ನಾನು ಮುಗಿಸುವವರೆಗೆ.
ಆಮೇಲೆ ಅಂದಳು:
"ಹಾಗಾದರೆ ಸೂಪಿಗೆ ಮುಂಚೆಯೇ ಮಾತಾಡಿ.
ಬಡಿಸಿದ ಮೇಲಾದರೆ ಆರಿಹೋಗುತ್ತೆ."