ಇಡಿ, ಹೋಳು, ನುಚ್ಚು

ಹೊಸಂಗಡಿಯ ಬೀಜದ ಫ್ಯಾಕ್ಟರಿಯಲ್ಲಿ
ಹದಿನೇಳು ವರ್ಷದಿಂದ ನಾನು ಗ್ರೇಡಿಂಗ್ ಮೇಜಿನವಳು.
ನೂರೆಂಬತ್ತು, ಇನ್ನೂರ ನಲವತ್ತು, ಮುನ್ನೂರ ಇಪ್ಪತ್ತು:
ರಾತಲಿಗೆ ಎಷ್ಟು ತಿರುಳು ಎಂಬುದು
ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತು.
ಬಿಳಿ ಇಡಿ ಅಲ್ಲಿ, ಕರಿಕಲು ಇಲ್ಲಿ,
ಹೋಳು ಆಚೆ. ನುಚ್ಚು ಕೊನೆಯ ತಟ್ಟೆಗೆ,
ಶನಿವಾರ ಬೇಕರಿಯವನು ಬರುತ್ತಾನೆ.

ಗೋಣಿಯ ಮೇಲಿನ ಅಕ್ಷರ ಕೂಡಿಸಿ ಕೂಡಿಸಿ
ನನಗೆ ಭೂಗೋಳ ಬಂದದ್ದು.
ಬಿಸಾವು, ಅಬಿಜಾನ್, ಮ್ಟ್ವಾರಾ.
ಊರ ಗುಡ್ಡೆಯ ಬೀಜ ಎರಡು ತಿಂಗಳಿಗೂ ಸಾಲದು;
ಉಳಿದ ಹತ್ತು ತಿಂಗಳ ಗಂಜಿ
ಹಡಗಿನಲ್ಲೇ ಬರಬೇಕು.
"ಮರವೇ ಬ್ರೆಜಿಲಿನದು" ಅನ್ನುತ್ತಾರೆ ರೈಟರ್ ಐತಪ್ಪಣ್ಣ,
"ಪರಂಗಿಯವ ತಂದು ನೆಟ್ಟ, ಇಲ್ಲೂ ಅಲ್ಲೂ.
ಅವನ ಹಡಗು ಈಗ ಎಲ್ಲಿದೆ, ಕೇಳು."

ಚಾಯದ ಹೊತ್ತಿಗೆ ಟಿವಿಯಲ್ಲಿ ಕೋಟಿನವನೊಬ್ಬ
ನಮ್ಮ ದೇಶ ಲೋಕಕ್ಕೆ ಐದನೆಯದೋ ನಾಲ್ಕನೆಯದೋ
ಎಂದು ಬೆರಳೆತ್ತಿ ಸಾರಿದ.
ಚೀನಾ, ಬ್ರೆಜಿಲ್, ವಿಯೆಟ್ನಾಂ, ನಾವು:
ಗೋಡೆ ಹತ್ತುವ ಇರುವೆಯ ಹಾಗೆ ಬಣ್ಣದ ಗೆರೆಗಳು.
ನಫೀಸ ಕೇಳಿದಳು,
"ಅಂದರೆ ನಾವೀಗ ನುಚ್ಚಲ್ಲವಾ? ಇಡಿಯಾ?"
ಮೇಜಿಗೆ ಮೇಜೇ ನಕ್ಕಿತು.
ಯಾವ ಊರಿನ ಯಾವ ಮೇಜಿನಲ್ಲಿ ಕೂತು
ನಮ್ಮನ್ನು ಆರಿಸಿದರು, ಯಾರ ಬೆರಳು ಅದು,
ಎಂದು ನಾನು ಯೋಚಿಸುತ್ತಿದ್ದೆ.

ಅದೇ ವಾರ ರೇಷನ್ ಅಂಗಡಿಯ ಮೆಷಿನು
ನನ್ನ ಹೆಬ್ಬೆರಳನ್ನು ಮೂರು ಸಲ ಮುಟ್ಟಿ ನೋಡಿ
ಇವಳು ಯಾರೋ ಎಂದಿತ್ತು.
ಒಡೆಯುವ ಸಾಲಿನ ಒಂಬತ್ತು ವರ್ಷ;
ಗೆರೆಗಳನ್ನೆಲ್ಲ ಸೊನೆ ತಿಂದಿದೆ.

ಮೇ ತಿಂಗಳಲ್ಲಿ ಬಂದ, ಮ್ಟ್ವಾರಾದ ಸಲೂಮು.
ಬಿಳಿ ಅಂಗಿ, ಕಿಸೆಯಲ್ಲಿ ನಾಲ್ಕು ಪೆನ್ನು, ಕೈಯಲ್ಲಿ ಅಳತೆಯ ಟೇಪು.
ಧಣಿಗಳು ಒಬ್ಬನ ಹಿಂದೆ ಹಿಂದೆ ನಡೆದದ್ದನ್ನು
ನಾನು ಮೊದಲ ಸಲ ಕಂಡದ್ದು.
ಇನ್ನು ಹಸಿ ಬೀಜ ಕಳಿಸುವುದಿಲ್ಲವಂತೆ ಅವರು.
ಅಲ್ಲೇ ಬೇಯಿಸಿ, ಅಲ್ಲೇ ಒಡೆದು
ತಿರುಳು ಮಾತ್ರ ಹಡಗಿಗೆ.
ಮೆಷಿನು ವಿಯೆಟ್ನಾಮಿನದು, ಸಾಲ ಚೀನಾದ್ದು,
ಕೈಯ ಬುದ್ಧಿ ಇಲ್ಲಿಂದ ಬೇಕು.
ಗ್ಲಾಸು ಕೊಟ್ಟೆ. "ಚಾಯ್" ಎಂದ.
ಅವರಲ್ಲೂ ಅದು ಚಾಯ್, ದುಡ್ಡು ಪೆಸಾ.
ಅಲ್ಲಿಗೆ ಅರ್ಧ ಮಾತು ಮುಗಿಯಿತು.

ಹತ್ತು ತಿಂಗಳ ಗಂಜಿ ಒಯ್ಯಲು ಬಂದವನ ಮೇಲೆ
ಸಿಟ್ಟು ಬರಬೇಕಿತ್ತು.
ಬಂತು ಕೂಡ, ಸುಳ್ಳು ಹೇಳಲಾರೆ.
ಆದರೆ ಅವನು ಒಡೆಯುವ ಸಾಲಿನಲ್ಲಿ ಮಣೆ ಎಳೆದು ಕೂತು
ಬರಿಗೈಯಲ್ಲಿ ಬೀಜ ಎತ್ತಿದಾಗ
ಬಾಯಿ ತಡೆಯಲಿಲ್ಲ: "ಎಣ್ಣೆ! ಮೊದಲು ಎಣ್ಣೆ!"
ಕೈ ಹಿಡಿದು ಹಚ್ಚಿದೆ ತೆಂಗಿನೆಣ್ಣೆ,
ಉಗುರಿನ ಸಂದಿಗೂ, ಮಗುವಿಗೆ ಹಚ್ಚಿದ ಹಾಗೆ.
ನನ್ನ ಹೆಬ್ಬೆರಳು ತೋರಿಸಿದೆ, ನುಣ್ಣಗಿನದು.
ಬಹಳ ಹೊತ್ತು ನೋಡಿದ.
ನಾಲ್ಕರಲ್ಲಿ ಒಂದು ಪೆನ್ನು ತೆಗೆದು
ಏನೋ ಬರೆದುಕೊಂಡ.

ಈ ವರ್ಷ ನಮಗೆ ವಾರಕ್ಕೆ ಮೂರೇ ದಿನ ಕೆಲಸ.
ನಫೀಸ ಉಪ್ಪಳದ ಬಟ್ಟೆ ಅಂಗಡಿಗೆ ಹೋದಳು.
ಖಾಲಿ ಗೋಣಿ ಹೊಲಿದು ಕಾಲೊರೆಸು ಮಾಡಿದ್ದೇನೆ,
ಬಾಗಿಲಲ್ಲಿ ದಿನಾ ಅಬಿಜಾನ್ ದಾಟುತ್ತೇನೆ.
ಮೊನ್ನೆ ಒಂದು ಡಬ್ಬ ಬಂತು, ತಿರುಳಿನ ಸ್ಯಾಂಪಲ್.
"ನೀನೇ ಹೇಳು, ವಾರಿಜ" ಎಂದರು ಐತಪ್ಪಣ್ಣ,
ಮುಖ ನೋಡದೆ.
ಕೈ ಹಾಕಿದೆ. ಇನ್ನೂರ ನಲವತ್ತು. ಬಿಳಿ. ಇಡಿ.
ತಪ್ಪು ಹುಡುಕಿದೆ, ನಿಜಕ್ಕೂ ಹುಡುಕಿದೆ,
ತಳದವರೆಗೆ. ಒಂದೂ ಕರಿಕಲಿಲ್ಲ.
ಬೆರಳು ಮೂಗಿಗೆ ತಂದರೆ
ಸಣ್ಣಗೆ, ಇದೆಯೋ ಇಲ್ಲವೋ ಎಂಬಷ್ಟು,
ತೆಂಗಿನೆಣ್ಣೆ.