ಒಳಗೆ ಬಿಟ್ಟ ಬಟ್ಟೆ

ಟೇಪಿಗೆ ಎರಡು ಮೈ. ಒಂದು ಕಡೆ ಇಂಚು,
ಇನ್ನೊಂದು ಕಡೆ ಸೆಂಟಿಮೀಟರು.
ಹೊಸಂಗಡಿಯ ನನ್ನ ಅಂಗಡಿಯಲ್ಲಿ ಹದಿನಾರು ವರ್ಷ
ಇಂಚಿನ ಮೈಯಷ್ಟೇ ಸವೆದದ್ದು.

ಆಸ್ಪತ್ರೆಯವರದು ಆ ಇನ್ನೊಂದು.
ಹೊಟ್ಟೆಯ ಮೇಲೆ ಹಿಡಿದು ನರ್ಸಮ್ಮ ಬರೆದಳು: ಇಪ್ಪತ್ತು.
ವಾರಕ್ಕೊಂದು ಸೆಂಟಿಮೀಟರು, ಮಗುವಿನ ಲೆಕ್ಕ ಸರಿಯಿದೆ.
ಕೆಳಗೆ, ಅದರ ಬಾಗಿಲಲ್ಲಿ ಕೂತದ್ದಕ್ಕೆ: ನಾಲ್ಕು.
ನಾಲ್ಕೆಂದರೆ ಒಂದೂವರೆ ಇಂಚು,
ರವಿಕೆಯ ಪಕ್ಕದಲ್ಲಿ ನಾನು ಒಳಗೆ ಬಿಡುವಷ್ಟು ಬಟ್ಟೆ.

ಕಾಸರಗೋಡಿನಲ್ಲಿ ಮಲಯಾಳದಲ್ಲಿ ಹೇಳಿದರು, ಗರ್ಭಾಶಯದ ಮುಖ.
ತಲಪಾಡಿ ದಾಟಿದ ಮೇಲೆ ಅದೇ ಗರ್ಭಕೊರಳು ಆಯಿತು.
ಮನೆಯಲ್ಲಿ ಅತ್ತೆ ತುಳುವಿನಲ್ಲಿ ಕೇಳಿದರೆ
ನನ್ನಲ್ಲಿ ಮಾತೇ ಇರಲಿಲ್ಲ.
ಅಡಿಯಲ್ಲಿ, ಎಂದೆ.

ತೆಗೆಸಿಬಿಡು, ಮೊದಲು ನಿನ್ನ ಜೀವ, ಎಂದರು ಕೆಲವರು.
ಹೆರಿಗೆಯಾಗಲಿ, ಮದ್ದು ಆಮೇಲೆ, ಎಂದರು ಕೆಲವರು.
ಸಂಜೀವ ಏನೂ ಹೇಳದೆ ಟೋಲಿನ ಚೀಟಿಗಳನ್ನು
ಉಗುರಿನಷ್ಟಾಗುವವರೆಗೆ ಮಡಚುತ್ತಿದ್ದ.
ಡಾಕ್ಟರ್ ಫೌಸಿಯಾ ಚಿತ್ರ ಬರೆದರು:
ಮಾಸು ಒಂದು ಜರಡಿಯ ಹಾಗೆ, ಮದ್ದು ಸ್ವಲ್ಪ ದಾಟುತ್ತದೆ.
"ದಾಟುವುದೇ ಇಲ್ಲ ಅಂತ ಸುಳ್ಳು ಹೇಳಲಾರೆ."
ಅಷ್ಟಕ್ಕೇ ನಾನು ಅವರನ್ನು ನಂಬಿದ್ದು.

ಮೂರು ವಾರಕ್ಕೊಂದು ಸಲ ಬಾಟಲಿ.
ಹನಿ ಬೀಳುವಾಗ ಒದೆಗಾಗಿ ಕಾಯುತ್ತೇನೆ.
ಒಂದು ದಿನ ಒದೆಯದೆ ಗಂಟೆ ಕಳೆಯಿತು.
ಪಕ್ಕದ ಮಂಚದ ಅಜ್ಜಿ ಕಿತ್ತಳೆ ಸುಲಿದು ಕೊಟ್ಟಳು,
ಮಾತಿಲ್ಲ. ತಿಂದೆ.
ಒದೆಯಿತು.

ಬಯಕೆಯ ದಿನ ಮಲ್ಲಿಗೆ ಮುಡಿಸಲು ಜಡೆಯಿಲ್ಲ.
ಗಿರಾಕಿಗಳ ರವಿಕೆ ಚೂರುಗಳಿಂದ ಟೊಪ್ಪಿ ಹೊಲಿದುಕೊಂಡಿದ್ದೆ,
ಅದಕ್ಕೇ ಸೂಜಿ ಹಿಡಿದು ಹೂ ಹೊಲಿದಳು ನಾದಿನಿ ರೇವತಿ.
"ಹೊಲಿಗೆ ಓರೆ" ಎಂದೆ. ಎಲ್ಲರೂ ನಕ್ಕರು. ಅತ್ತೆ ಮಾತ್ರ
ಬಳೆಯ ಬುಟ್ಟಿಯಲ್ಲಿ ಏನೋ ಹುಡುಕುತ್ತಲೇ ಇದ್ದರು.

ನಾಲ್ಕು ಈಗ ಎರಡೂವರೆ. ಇಪ್ಪತ್ತು, ಮೂವತ್ತನಾಲ್ಕು.
ಬರುವ ಸೋಮವಾರ, ಒಂದೇ ಗಾಯದಿಂದ
ಮೊದಲು ಮಗುವನ್ನು ತೆಗೆಯುತ್ತಾರೆ,
ಆಮೇಲೆ ಅದಿದ್ದ ಕೋಣೆಯನ್ನು, ಬಾಗಿಲ ಸಮೇತ.
ಎಷ್ಟು ಹೊಲಿಗೆ ಬೀಳುತ್ತದೆ ಎಂದು ಕೇಳಿದೆ.
"ನಿನ್ನಷ್ಟು ಚಂದ ಬರಲಿಕ್ಕಿಲ್ಲ" ಎಂದರು ಡಾಕ್ಟರು.

ಚೀಲದಲ್ಲಿ ಅಂಗಿ ಇಟ್ಟಿದ್ದೇನೆ,
ಸಂಜೀವನ ಹಳೆಯ ಮುಂಡಿನದು, ತೊಳೆದು ತೊಳೆದು ಮೆತ್ತಗಾದದ್ದು.
ತಿಂಗಳು ತುಂಬದ ಮಗು, ಅಳತೆ ಗೊತ್ತಿಲ್ಲ.
ಅದಕ್ಕೇ ಒಳಗೆ ಬಟ್ಟೆ ಧಾರಾಳ ಬಿಟ್ಟಿದ್ದೇನೆ,
ಬೆಳೆದಂತೆ ಬಿಚ್ಚಲು.
ರೇವತಿಗೆ ತೋರಿಸಿದ್ದೇನೆ:
ಇದು, ಈ ನೀಲಿ ನೂಲು. ಗಂಟು ಹಾಕಿಲ್ಲ.
ಯಾರು ಎಳೆದರೂ ಬರುತ್ತದೆ.